ಆಪ್ಟ್ ಯಾರ ಮಾತು ಕೇಳಬೇಕು?

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಇರುವ ಕಂಪ್ಯೂಟರನ್ನು ಯಾರಾದರೂ ನನ್ನ ಕೈಗೆ ಕೊಟ್ಟರೆ ಮೊದಲು ನೋಡುವುದು ಇಟಿಸಿ ಎಂಬ ಸೆಟ್ಟಿಂಗ್ಸ್ ಫೋಲ್ಡರಿನ ಒಳಗಿನ ಆಪ್ಟ್ ಫೋಲ್ಡರನ್ನು. ಆಪ್ಟ್ ಅಂದರೆ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಇಳಿಸಿ ಕೂರಿಸುವ ಡೆಬಿಯನ್‌ನ ಸಾಧನ. ಅಲ್ಲಿ ಸೋರ್ಸಸ್ ಡಾಟ್ ಲಿಸ್ಟ್ ಅನ್ನೋ ಫೈಲ್ ಇರುತ್ತದೆ, ಆಪ್ಟ್ ಎಲ್ಲೆಲ್ಲಿಂದ ತರಬೇಕು ಅನ್ನೋ ವಿಳಾಸಗಳ ಪಟ್ಟಿ ಅದು. ಪಕ್ಕದಲ್ಲೇ ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಅನ್ನೋ ಫೋಲ್ಡರ್. ಇವೆರಡನ್ನೂ ಓದಿದರೆ ಆ ಯಂತ್ರದ ಜಾತಕ ಓದಿದ ಹಾಗೆ. ಯಾವ ಕಾಲದಲ್ಲಿ ಹಾಕಿದ್ದು, ಯಾರ್ಯಾರು ಕೈಯಾಡಿಸಿದ್ದಾರೆ, ಎಲ್ಲೆಲ್ಲಿಂದ ಏನೇನು ತಂದು ತುಂಬಿದ್ದಾರೆ, ಎಲ್ಲ ಗೊತ್ತಾಗುತ್ತದೆ.

ಮೊನ್ನೆ ನಮ್ಮ ದೊಡ್ಡಪ್ಪನ ಮಗನ ಝೆರಾಕ್ಸ್ ಅಂಗಡಿಯಲ್ಲಿ ಅಂಥದ್ದೊಂದು ಸಿಕ್ಕಿತು. ‘ಇದರಲ್ಲಿ ಹೊಸದು ಏನೂ ಇಳೀತಾ ಇಲ್ಲ ಕಣೋ, ನೆಟ್ ಏನೋ ಚೆನ್ನಾಗೇ ಇದೆ’ ಅಂದ ಅಣ್ಣ. ಆಪ್ಟ್ ಅಪ್‌ಡೇಟ್ ಕೊಟ್ಟೆ. ಸಾಲುಸಾಲಾಗಿ 404, ಅಂದರೆ ಆ ವಿಳಾಸದಲ್ಲಿ ಕೇಳಿದ್ದು ಇಲ್ಲ. ಕೊನೆಗೆ ರಿಲೀಸ್ ಫೈಲೇ (ಅಲ್ಲಿ ಏನೇನಿದೆ ಅನ್ನೋ ಸೂಚಿ) ಇಲ್ಲ ಅನ್ನೋ ದೂರು.

ಲಿಸ್ಟ್ ಫೈಲಿನ ಮೊದಲ ಸಾಲೇ ಸಿಡಿರಾಮ್. ಡಿವಿಡಿಯಿಂದ ಇನ್‌ಸ್ಟಾಲ್ ಮಾಡಿದಾಗ ಉಳಿದುಕೊಂಡ ಸಾಲು ಅದು. ಅದು ಇರೋವರೆಗೆ ಆಪ್ಟ್ ಆಗಾಗ ಡಿಸ್ಕ್ ಹಾಕಿ ಅಂತ ಕೇಳುತ್ತಾ ಕೂರುತ್ತದೆ. ಆ ಡಿಸ್ಕ್ ಎಲ್ಲಿದೆಯೋ ದೇವರಿಗೇ ಗೊತ್ತು. ಸಾಲಿನ ಮುಂದೆ ಒಂದು ಹ್ಯಾಶ್ ಚಿಹ್ನೆ (#) ಹಾಕಿದರೆ ಆ ಕಾಟ ಮುಗಿಯಿತು.

ಅದರ ಕೆಳಗಿನ ಸಾಲುಗಳಲ್ಲೆಲ್ಲ ಬಸ್ಟರ್ ಅಂತ ಇತ್ತು. ಅಂದರೆ ಡೆಬಿಯನ್ 10. ಅದು ಬಂದದ್ದು 2019ರ ಜುಲೈನಲ್ಲಿ. ಅದರ ದೀರ್ಘಾವಧಿ ಬೆಂಬಲವೂ 2024ರ ಜೂನ್‌ಗೆ ಮುಗಿದುಹೋಯಿತು. ಕಾಲ ಮುಗಿದ ಆವೃತ್ತಿಗಳನ್ನು ಡೆಬಿಯನ್‌ನವರು ಮಾಮೂಲಿ ಮಿರರ್‌ಗಳಿಂದ (ನಕಲು ಇಟ್ಟಿರುವ ಸರ್ವರ್‌ಗಳಿಂದ) ತೆಗೆದು ಆರ್ಕೈವ್ ಡಾಟ್ ಡೆಬಿಯನ್ ಡಾಟ್ ಆರ್ಗ್‌ಗೆ ಸಾಗಿಸುತ್ತಾರೆ. 404 ಬರೋದು ಅದಕ್ಕೇ. ಸರ್ವರ್ ಕೆಟ್ಟಿರುವುದಿಲ್ಲ, ನೆಟ್ಟೂ ಕೆಟ್ಟಿರುವುದಿಲ್ಲ. ವಿಳಾಸ ಬದಲಾಗಿದೆ, ಅಷ್ಟೆ. ವಿಳಾಸದಲ್ಲಿ ಆರ್ಕೈವ್ ಅಂತ ತಿದ್ದಿದರೆ ಹಳೆಯ ಪ್ಯಾಕೇಜುಗಳು ಮತ್ತೆ ಸಿಗುತ್ತವೆ. ಕೆಲವೊಮ್ಮೆ ರಿಲೀಸ್ ಫೈಲಿನ ವಾಯಿದೆ ಮುಗಿದಿದೆ ಅಂತ ಆಪ್ಟ್ ತಕರಾರು ತೆಗೆಯುತ್ತದೆ. ಆಗ ಆ ಸಾಲಿಗೆ ಮಾತ್ರ ಚೌಕ ಆವರಣದಲ್ಲಿ ‘ಚೆಕ್-ವ್ಯಾಲಿಡ್-ಅಂಟಿಲ್=ನೋ’ ಎಂದು ಕೊಡಿ. ಇಡೀ ಯಂತ್ರಕ್ಕೇ ಆ ತಪಾಸಣೆಯನ್ನು ಆಫ್ ಮಾಡಿ ಅಂತ ಹೇಳುವವರ ಮಾತು ಕೇಳಬೇಡಿ.

ಆದರೆ ಆರ್ಕೈವ್‌ಗೆ ತಿದ್ದಿಕೊಂಡು ಆರಾಮಾಗಿ ಇರುವ ಹಾಗೂ ಇಲ್ಲ. ಅಲ್ಲಿಗೆ ಹೊಸ ಭದ್ರತಾ ತಿದ್ದುಪಡಿ ಬರುವುದಿಲ್ಲ. ಗಿರಾಕಿಗಳು ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್ ಎಲ್ಲ ಪೆನ್‌ಡ್ರೈವಲ್ಲಿ ತಂದು ಚುಚ್ಚುವ ಯಂತ್ರ ಇದು. ಡೆಬಿಯನ್‌ನಲ್ಲಿ 10ರಿಂದ ನೇರ 13ಕ್ಕೆ ಹಾರುವಂತಿಲ್ಲ. 11, 12, 13 ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು. 11ರ ಹೊತ್ತಿಗೆ ಭದ್ರತೆಯ ಸಾಲಿನ ಹೆಸರೂ ಬದಲಾಯಿತು. ಮೊದಲು ‘ಬಸ್ಟರ್/ಅಪ್‌ಡೇಟ್ಸ್’ ಅಂತ ಇದ್ದದ್ದು ‘ಬುಲ್ಸ್‌ಐ-ಸೆಕ್ಯುರಿಟಿ’ ಆಯಿತು (ಬುಲ್ಸ್‌ಐ ಅಂದರೆ 11). ಸುಮ್ನೆ ಹೆಸರೊಂದನ್ನೇ ಬದಲಿಸುತ್ತಾ ಹೋದವರು ಇಲ್ಲೇ ಎಡವುವುದು ಜಾಸ್ತಿ. ನಾನು ಆ ಮೆಟ್ಟಿಲ ತಂಟೆಗೇ ಹೋಗಲಿಲ್ಲ. ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತೆಗೆದಿಟ್ಟು ಹೊಸದಾಗಿ 13 ಹಾಕಿದೆ. 64 ಬಿಟ್ ಯಂತ್ರವಾದ್ದರಿಂದ ಬಚಾವ್. 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ.

ಹಳೆಯದನ್ನು ಅಳಿಸುವ ಮುಂಚೆ ಡಾಟ್ ಡಿ ಫೋಲ್ಡರನ್ನೂ ನೋಡಿದೆ. ನಿಜವಾದ ತಮಾಷೆ ಇದ್ದದ್ದು ಅಲ್ಲಿ. ಯಾರೋ ಒಂದು ಪಿಪಿಎ ಸೇರಿಸಿದ್ದರು. ಪಿಪಿಎ ಅಂದರೆ ಹೊರಗಿನವರು ತಾವೇ ಇಡುವ ಪ್ಯಾಕೇಜ್ ಸಂಗ್ರಹ. ಅದು ಉಬುಂಟು ಎಂಬ ಇನ್ನೊಂದು ಲಿನಕ್ಸಿಗೆ ಅಂತ ಕಟ್ಟಿದ್ದು, ಡೆಬಿಯನ್‌ಗೆ ಅಲ್ಲ. ಅವಲಂಬನೆಗಳು (ಜೊತೆಗೆ ಬೇಕಾದ ಬೇರೆ ಪ್ಯಾಕೇಜುಗಳು) ಹೊಂದದೆ ಇವತ್ತಲ್ಲ ನಾಳೆ ಕೈಕೊಡುತ್ತದೆ. ಅದು ಹೋಗಲಿ ಅಂದರೆ, ಆ ಸಾಲಿನಲ್ಲಿ ‘ಟ್ರಸ್ಟೆಡ್=ಯೆಸ್’ ಅಂತ ಬೇರೆ ಬರೆದಿತ್ತು. ವಿಳಾಸ ಬರೀ ಎಚ್‌ಟಿಟಿಪಿ, ಗೂಢಲಿಪಿಯ ಕಾವಲಿಲ್ಲದ ದಾರಿ.

ಇದು ಯಾಕೆ ಅಷ್ಟು ಕೆಟ್ಟದ್ದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೆಬಿಯನ್‌ನ ಎಷ್ಟೋ ಮಿರರ್‌ಗಳು ಇವತ್ತಿಗೂ ಎಚ್‌ಟಿಟಿಪಿಯಲ್ಲೇ ನಡೆಯುತ್ತವೆ. ಅದರಲ್ಲಿ ದೊಡ್ಡ ಅಪಾಯ ಇಲ್ಲ. ಯಾಕೆಂದರೆ ಆಪ್ಟ್ ನಂಬುವುದು ದಾರಿಯನ್ನಲ್ಲ, ಸಹಿಯನ್ನು. ಇನ್‌ರಿಲೀಸ್ ಎಂಬ ಫೈಲಿಗೆ ಡೆಬಿಯನ್‌ನ ಕೀಲಿಯ ಡಿಜಿಟಲ್ ಸಹಿ ಇರುತ್ತದೆ. ಆ ಫೈಲಿನೊಳಗೆ ಪ್ಯಾಕೇಜ್ ಪಟ್ಟಿಗಳ ಎಸ್‌ಎಚ್‌ಎ256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಇರುತ್ತದೆ. ಪಟ್ಟಿಯೊಳಗೆ ಒಂದೊಂದು ಡೆಬ್ ಫೈಲಿನ, ಅಂದರೆ ಪ್ಯಾಕೇಜಿನ, ಹ್ಯಾಶ್ ಇರುತ್ತದೆ. ನಡುವೆ ಯಾರಾದರೂ ಒಂದಕ್ಷರ ತಿದ್ದಿದರೂ ಲೆಕ್ಕ ತಾಳೆಯಾಗುವುದಿಲ್ಲ, ಆಪ್ಟ್ ಅಲ್ಲೇ ನಿಲ್ಲುತ್ತದೆ. ‘ಟ್ರಸ್ಟೆಡ್=ಯೆಸ್’ ಅಂದರೆ ಆ ಸಹಿಯನ್ನು ನೋಡಲೇ ಬೇಡ ಎಂದು ಹೇಳಿದಂತೆ. ಡೆಬ್ ಒಳಗಿನ ಸ್ಕ್ರಿಪ್ಟುಗಳು ಓಡುವುದು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ. ದಾರಿಯಲ್ಲಿ ಕೂತವನು ಯಾವನೇ ಆಗಲಿ, ಅಂಗಡಿಯ ಯಂತ್ರದ ಯಜಮಾನ ಆಗಬಹುದು. ಕೀಲಿ ಇಲ್ಲ ಅನ್ನೋ ಎಚ್ಚರಿಕೆ ಬಂದಿರಬೇಕು, ಅದನ್ನು ಬಾಯಿ ಮುಚ್ಚಿಸಲು ಯಾರೋ ಹುಡುಕಿ ತಂದು ಅಂಟಿಸಿದ ಮದ್ದು ಇದು.

ಇನ್ನೊಂದು ಹಳೆಯ ಮದ್ದು ಆಪ್ಟ್-ಕೀ ಎಂಬ ಕೀಲಿ ಸೇರಿಸುವ ಕಮಾಂಡ್. ಅದರಲ್ಲಿ ಸೇರಿಸಿದ ಕೀಲಿ ಎಲ್ಲ ಮೂಲಗಳಿಗೂ ಅನ್ವಯ ಆಗುತ್ತಿತ್ತು. ಅಂದರೆ ಯಾವುದೋ ಬ್ರೌಸರ್ ಕಂಪನಿಯ ಕೀಲಿಯಿಂದ ಸಹಿಯಾದ ಪಟ್ಟಿಯನ್ನು ಡೆಬಿಯನ್‌ನದ್ದೇ ಪಟ್ಟಿ ಅಂತಲೂ ಆಪ್ಟ್ ಒಪ್ಪಿಕೊಳ್ಳುತ್ತಿತ್ತು. ಡೆಬಿಯನ್ 13ರಲ್ಲಿ ಆ ಕಮಾಂಡೇ ಇಲ್ಲ. ಒಳ್ಳೆಯದಾಯಿತು. ಆದರೂ ಹಳೆಯ ಟ್ಯುಟೋರಿಯಲ್‌ಗಳಲ್ಲಿ ಇನ್ನೂ ಅದನ್ನೇ ಬರೆದಿರುತ್ತಾರೆ.

ಈಗ ಬರೆಯಬೇಕಾದ ರೀತಿ ಬೇರೆ. ಡಾಟ್ ಸೋರ್ಸಸ್ ಎಂದು ಮುಗಿಯುವ ಫೈಲ್, ಒಂದೊಂದು ವಿಷಯಕ್ಕೆ ಒಂದೊಂದು ಸಾಲು. ಅಂಗಡಿಯ ಯಂತ್ರದಲ್ಲಿ ಈಗ ಇರುವುದು ಹೀಗೆ: ಟೈಪ್ಸ್ ಮುಂದೆ ಡೆಬ್. ಯುಆರ್‌ಐಸ್ ಮುಂದೆ ಡೆಬ್ ಡಾಟ್ ಡೆಬಿಯನ್ ಡಾಟ್ ಆರ್ಗ್ ವಿಳಾಸ. ಸೂಟ್ಸ್ ಮುಂದೆ ಟ್ರಿಕ್ಸೀ (13ರ ಹೆಸರು) ಮತ್ತು ಟ್ರಿಕ್ಸೀ-ಅಪ್‌ಡೇಟ್ಸ್. ಕಾಂಪೊನೆಂಟ್ಸ್ ಮುಂದೆ ಮೇನ್ (ಡೆಬಿಯನ್‌ನ ಮುಖ್ಯ ವಿಭಾಗ) ಮತ್ತು ನಾನ್-ಫ್ರೀ-ಫರ್ಮ್‌ವೇರ್. ಕೊನೆಗೆ ಸೈನ್ಡ್-ಬೈ ಮುಂದೆ ಡೆಬಿಯನ್ ಕೀಲಿ ಫೈಲಿನ ಜಾಗ. ಒಂದು ಸಾಲು ಬಿಟ್ಟು ಟ್ರಿಕ್ಸೀ-ಸೆಕ್ಯುರಿಟಿಗೂ ಇಂಥದ್ದೇ ಇನ್ನೊಂದು ತುಂಡು. ನಿಮ್ಮ ಹತ್ತಿರ ಹಳೆಯ ಒಂದೇ ಸಾಲಿನ ಶೈಲಿ ಇದ್ದರೆ ಕೈಯಿಂದ ಬರೆಯುತ್ತಾ ಕೂರಬೇಕಾಗಿಲ್ಲ. 13ರಲ್ಲಿ ‘ಆಪ್ಟ್ ಮಾಡರ್ನೈಝ್-ಸೋರ್ಸಸ್’ ಅಂತ ಕೊಟ್ಟರೆ ಅದೇ ಬದಲಿಸಿಕೊಡುತ್ತದೆ.

ಆ ನಾನ್-ಫ್ರೀ-ಫರ್ಮ್‌ವೇರ್ 12ರಿಂದ ಶುರುವಾದದ್ದು. ವೈಫೈ ಕಾರ್ಡಿನ ಫರ್ಮ್‌ವೇರ್ (ಕಾರ್ಡ್ ನಡೆಯಲು ಅದರೊಳಗೆ ತುಂಬುವ ತಂತ್ರಾಂಶ) ಎಲ್ಲ ಅಲ್ಲಿಗೆ ಹೋಯಿತು. 11ರಿಂದ ಮೇಲೆ ಬಂದವರು ಅದನ್ನು ಸೇರಿಸದಿದ್ದರೆ ವೈಫೈ ನಡೆಯುತ್ತದೆ, ಆದರೆ ಹಳೆಯ ಫರ್ಮ್‌ವೇರಿನಲ್ಲೇ. ಆಪ್ಟ್ ಅಪ್‌ಡೇಟ್ ಕೊಟ್ಟಾಗ ಅದರ ಬಗ್ಗೆ ಒಂದು ಸೂಚನೆ ಮಾತ್ರ ಬರುತ್ತದೆ.

ಕನ್ನಡದ ಕೆಲಸಕ್ಕೆ ಮೇನ್ ಒಂದೇ ಸಾಕು. ಫಾಂಟ್ಸ್-ಕೆಎನ್‌ಡಿಎ ಅನ್ನೋ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಬರುತ್ತವೆ. ನುಡಿಯ ಹಳೆಯ ಆಸ್ಕಿ ಫೈಲುಗಳಿಗೆ ಪಕ್ಕದ ವಿಂಡೋಸ್ ಯಂತ್ರ ಇದೆ. ಅದಕ್ಕಾಗಿ ಎಲ್ಲಿಂದಲೋ ರೆಪೊ (ಪ್ಯಾಕೇಜ್ ಸಂಗ್ರಹ) ತಂದು ಸೇರಿಸುವ ಸಾಹಸ ಬೇಡ ಅಂದೆ.

ಅಣ್ಣನಿಗೆ ಮಾತ್ರ ಒಂದು ನಿರ್ದಿಷ್ಟ ಕಂಪನಿಯ ಬ್ರೌಸರೇ ಬೇಕು. ‘ಸರ್ಕಾರಿ ಸೈಟು ಇದರಲ್ಲೇ ಸರಿಯಾಗಿ ತೆರೆಯೋದು ಮಾರಾಯ’ ಅಂದ. ಸರಿ. ಇಂಥ ಕೆಲವು ಡೆಬ್‌ಗಳು ಇನ್‌ಸ್ಟಾಲ್ ಆಗುವಾಗಲೇ ತಮ್ಮ ರೆಪೊವನ್ನೂ ತಾವೇ ಸೇರಿಸಿಕೊಳ್ಳುತ್ತವೆ, ಗೊತ್ತಿರಲಿ. ಸೈನ್ಡ್-ಬೈ ಹಾಕಿದರೆ ಆ ಕೀಲಿ ಆ ರೆಪೊಗೆ ಮಾತ್ರ. ಇಷ್ಟಕ್ಕೆ ಎಲ್ಲ ಸರಿಯಾಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅಲ್ವಾ? ಆಗಿಲ್ಲ. ಅದೇ ರೆಪೊದಲ್ಲಿ ನಾಳೆ ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಧನ, ಡೆಬಿಯನ್‌ನಲ್ಲೂ ಇದೆ) ಅನ್ನೋ ಹೆಸರಿನ ಪ್ಯಾಕೇಜನ್ನು ದೊಡ್ಡ ಆವೃತ್ತಿ ಸಂಖ್ಯೆ ಕೊಟ್ಟು ಇಟ್ಟರೆ ಆಪ್ಟ್ ಅದನ್ನೇ ತೆಗೆದುಕೊಳ್ಳುತ್ತದೆ. ಡೆಬಿಯನ್‌ಗೂ ಆ ರೆಪೊಗೂ ಆಪ್ಟ್ ಕೊಡುವ ಆದ್ಯತೆಯ ಅಂಕ 500. ಸಮ ಇದ್ದಾಗ ದೊಡ್ಡ ಸಂಖ್ಯೆಯೇ ಗೆಲ್ಲುತ್ತದೆ.

ಅದಕ್ಕೆ ಪ್ರಿಫರೆನ್ಸಸ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲ್ ಬರೆಯಬೇಕು. ಮೊದಲ ತುಂಡು: ಪ್ಯಾಕೇಜ್ ಮುಂದೆ ನಕ್ಷತ್ರ, ಪಿನ್ ಮುಂದೆ ಒರಿಜಿನ್ ಎಂದು ಬರೆದು ಆ ಕಂಪನಿಯ ರೆಪೊ ಇರುವ ಹೋಸ್ಟ್ ಹೆಸರು, ಪಿನ್-ಪ್ರಯಾರಿಟಿ 1. ಎರಡನೇ ತುಂಡು: ಪ್ಯಾಕೇಜ್ ಮುಂದೆ ಬ್ರೌಸರಿನ ಹೆಸರು, ಅದೇ ಒರಿಜಿನ್, ಪ್ರಯಾರಿಟಿ 500. ಈಗ ಆ ರೆಪೊದಿಂದ ಬ್ರೌಸರ್ ಎಂದಿನಂತೆ ಅಪ್‌ಡೇಟ್ ಆಗುತ್ತದೆ. ಬೇರೆ ಏನೇ ಇಟ್ಟರೂ ಡೆಬಿಯನ್‌ನದ್ದನ್ನು ಪಕ್ಕಕ್ಕೆ ಸರಿಸಿ ಕೂರಲಾರದು. ಆಪ್ಟ್ ಪಾಲಿಸಿ ಕೊಟ್ಟು ನೋಡಿದರೆ ಯಾವುದಕ್ಕೆ ಎಷ್ಟು ಅಂಕ ಅಂತ ಕಾಣುತ್ತದೆ. ಬ್ರೌಸರಿನ ಡೆಬ್ಬೇ ಕೆಟ್ಟದ್ದಾದರೆ ಇದು ಕಾಪಾಡುವುದಿಲ್ಲ, ಅದು ಬೇರೆ ಮಾತು. ಆ ಕಂಪನಿಯನ್ನು ಅಷ್ಟರಮಟ್ಟಿಗೆ ನಂಬಲೇಬೇಕು.

ಬ್ಯಾಕ್‌ಪೋರ್ಟ್ಸ್ (ಹೊಸ ಆವೃತ್ತಿಗಳನ್ನು ಈಗಿನ ಡೆಬಿಯನ್‌ಗೆ ಹೊಂದಿಸಿ ಇಟ್ಟ ಡೆಬಿಯನ್‌ನದ್ದೇ ಸಂಗ್ರಹ) ಸೇರಿಸಲು ಮಾತ್ರ ನನಗೆ ಹೆದರಿಕೆ ಇಲ್ಲ. ಅದಕ್ಕೆ ಮೊದಲೇ ಆದ್ಯತೆ 100 ಇದೆ. ನಾವಾಗಿ ಕೇಳಿದರೆ ಮಾತ್ರ ಅಲ್ಲಿಂದ ಬರುತ್ತದೆ. ಕೇಳಿ ತಂದದ್ದಕ್ಕೆ ಮುಂದಿನ ಅಪ್‌ಡೇಟುಗಳೂ ಅಲ್ಲಿಂದಲೇ ಸಿಗುತ್ತವೆ.

ಸೂಟ್ಸ್‌ನಲ್ಲಿ ಟ್ರಿಕ್ಸೀ ಅಂತ ಯಾಕೆ, ಸ್ಟೇಬಲ್ (ಆಯಾ ಕಾಲದ ಸ್ಥಿರ ಆವೃತ್ತಿಗೆ ಇರುವ ಹೆಸರು) ಅಂತ ಬರೆದರೆ ಬದಲಿಸುವ ಕೆಲಸವೇ ಇರುವುದಿಲ್ಲವಲ್ಲ ಅಂತ ಕೇಳುವವರಿದ್ದಾರೆ. ಸ್ಟೇಬಲ್ ಅಂತ ಇದ್ದ ಯಂತ್ರಗಳು 2025ರ ಆಗಸ್ಟ್ 9ರಂದು ಟ್ರಿಕ್ಸೀ ಬಿಡುಗಡೆಯಾದ ಮೇಲೆ 12ರಿಂದ 13ಕ್ಕೆ ಹೊರಡಲು ಸಿದ್ಧವಾಗಿ ನಿಂತವು. ಹಾಲ್ ಟಿಕೆಟ್ ಪ್ರಿಂಟಿಗೆ ಹುಡುಗರು ಸಾಲು ನಿಂತಿರುವಾಗ ಇಡೀ ಸಿಸ್ಟಮ್ ಬದಲಾಗಲು ಹೊರಟರೆ ಅಣ್ಣನ ಬಾಯಿಗೆ ಬೀಳುವವನು ನಾನೇ. ಟ್ರಿಕ್ಸೀ ಅಂತಲೇ ಇರಲಿ. 14 ಬಂದಾಗ ಒಂದು ಭಾನುವಾರ ನೋಡಿ ನಾನೇ ಬದಲಿಸುತ್ತೇನೆ.

ಅಂಗಡಿಯಲ್ಲಿ ಇನ್ನೊಂದು ಡೆಬಿಯನ್ ಯಂತ್ರ ಹಾಕುವ ಮಾತಿದೆ. ಅದು ಬಂದರೆ ಇದರಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ (ಇಳಿಸಿದ ಪ್ಯಾಕೇಜುಗಳನ್ನು ಕೂಡಿಟ್ಟು ಹಂಚುವ ಸಾಧನ) ಕೂರಿಸಿ, ಆ ಹೊಸ ಯಂತ್ರಕ್ಕೆ ಇದರ 3142ನೇ ಪೋರ್ಟಿನ ಪ್ರಾಕ್ಸಿ ಕೊಡಬೇಕು ಅಂತಿದ್ದೇನೆ. ಒಂದು ಇಳಿಸಿಕೊಂಡದ್ದನ್ನೇ ಇನ್ನೊಂದು ತೆಗೆದುಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟಿನ ಡೇಟಾ ಉಳಿಯುತ್ತದೆ.