ಮುಟ್ಬೇಡಮ್ಮ

ಸಮುದ್ರ ನೋಡಿ ನೋಡಿ ಅತ್ತೆಗೆ ಸಾಕಾಗಿತ್ತು. ಹಾಗಾಗಿ ಕಳೆದ ಶನಿವಾರ ಅವರನ್ನು ಮಯಾಮಿಯ ಸೂಪರ್‌ಬ್ಲೂ ಎಂಬ ಕಲಾಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ರಫಾಯೆಲ್ ಲೊಜಾನೊ-ಹೆಮ್ಮರ್ ಅವರ ‘ಪಲ್ಸ್ ಟೊಪಾಲಜಿ’ ಎಂಬ ಕಲಾಕೃತಿ ಇದೆ. 3,000 ಬಲ್ಬುಗಳು ತಲೆಕೆಳಗಾದ ಬೆಟ್ಟಸಾಲಿನ ಹಾಗೆ ತೂಗುತ್ತಿರುತ್ತವೆ. ಒಂದೊಂದು ಬಲ್ಬೂ ಯಾರೋ ಒಬ್ಬರ ಎದೆಬಡಿತಕ್ಕೆ ಮಿನುಗುತ್ತದೆ. ಸೆನ್ಸರಿನ ಕೆಳಗೆ ಅಂಗೈ ಹಿಡಿದರೆ ನಮ್ಮ ಬಡಿತವೂ ಮೇಲೆ ಹೋಗಿ ಸೇರುತ್ತದೆ.

ಅತ್ತೆ ಕೈ ಚಾಚಿ ಸುತ್ತ ತಡಕಾಡಿದರು.

“ಕೈ ಎಲ್ಲಿಡ್ಲೋ?”

“ಏನೂ ಮುಟ್ಬೇಡಮ್ಮ. ಸುಮ್ನೆ ಹಿಂಗೆ ಹಿಡ್ಕೊಂಡು ನಿಂತ್ಕೋ.”

ಈ ಮಾತು ನನಗೆ ಬಾಯಿಪಾಠ. 2020, 21ರ ಕೋವಿಡ್ ಕಾಲದಲ್ಲಿ ನಮ್ಮವರು ದಿನಾ ವಿಡಿಯೋ ಕಾಲಿನಲ್ಲಿ ಹಾಸನಕ್ಕೆ ಹೇಳುತ್ತಿದ್ದದ್ದು ಇದನ್ನೇ. ಹಾಲಿನ ಪ್ಯಾಕೆಟ್ ಮುಟ್ಬೇಡಮ್ಮ. ಗೇಟಿನ ಚಿಲಕ ಮುಟ್ಬೇಡಮ್ಮ. ಪಕ್ಕದ ಮನೆ ಪಾಪು ಬಂದರೆ ಎತ್ಕೋಬೇಡ. ಕಾಳಜಿಯೇ, ಇಲ್ಲ ಅನ್ನಲ್ಲ. ಆದರೆ ಇಲ್ಲಿ ಕೂತು ಹುಕುಂ ಹೊರಡಿಸುವುದು ಸುಲಭ, ಅಲ್ವಾ? ಆ ಮನೆಯಲ್ಲಿ ಅವರ ಕೈ ಹಿಡಿಯಲು ಒಂದು ನರಪಿಳ್ಳೆಯೂ ಇರಲಿಲ್ಲ. ಈಗ ಎದುರಿಗೇ ನಿಂತಿದ್ದಾರೆ, ಮಗನ ಬಾಯಲ್ಲಿ ಮತ್ತೆ ಅದೇ ಮಾತು.

ಅತ್ತೆ ತಡಕಾಡಿದ್ದರಲ್ಲಿ ತಪ್ಪೇನೂ ಇಲ್ಲ. ಇದೇ ಕಲಾವಿದ 2006ರಲ್ಲಿ ಮೆಕ್ಸಿಕೋದ ಪ್ಯೂಬ್ಲಾದಲ್ಲಿ ‘ಪಲ್ಸ್ ರೂಮ್’ ಮಾಡಿದಾಗ ಲೋಹದ ಹಿಡಿಗಳಿದ್ದವು. ಅವನ್ನು ಹಿಡಿದುಕೊಂಡರೆ ಬಲ್ಬ್ ಬಡಿಯುತ್ತಿತ್ತು. ಮುಂಚೆ ಹಿಡಿದವರ ಕೈಯ ಬಿಸಿ ಒಂಚೂರಾದರೂ ಅದರಲ್ಲಿ ಉಳಿದಿರುತ್ತಿತ್ತೇನೋ. ‘ಪಲ್ಸ್ ಟೊಪಾಲಜಿ’ 2021ರದು. ಆ ವರ್ಷ ಹಿಡಿ ಇಟ್ಟಿದ್ದರೂ ಯಾರು ತಾನೇ ಮುಟ್ಟುತ್ತಿದ್ದರು! ನೆತ್ತಿಯ ಮೇಲೆ ಸಾವಿರಾರು ಜನರ ಎದೆ ಬಡಿಯುತ್ತಿರುತ್ತದೆ. ನೋಡಲು ಬಹಳ ಚೆಂದ. ಒಬ್ಬರಿಗೊಬ್ಬರು ಮಾತ್ರ ಎಲ್ಲೂ ತಾಗುವುದಿಲ್ಲ. ನಾವು ಎರಡು ವರ್ಷ ಫೋನಿನಲ್ಲಿ ಮಾಡಿದ ಸಂಸಾರವೂ ಇಷ್ಟೇ ಆಗಿತ್ತು.

ಕೊನೆಗೆ ಅತ್ತೆಯ ಬಲ್ಬ್ ಮಿನುಗತೊಡಗಿತು. ಅವರು ಮಗುವಿನ ಹಾಗೆ ನಕ್ಕರು. ಅಷ್ಟಕ್ಕೇ ಬಿಡಬಾರದಾ? ನಮ್ಮವರಿಗೆ ವಿವರಿಸುವ ಚಟ. ಹೊಸ ಬಡಿತ ಬಂದ ತಕ್ಷಣ ಎಲ್ಲಕ್ಕಿಂತ ಹಳೆಯದು ಹೋಗುತ್ತದೆ ಅಂದುಬಿಟ್ಟರು.

“ಹಂಗಾದ್ರೆ ನಾನು ಯಾರದ್ದನ್ನೋ ಆರಿಸ್ಬಿಟ್ನಾ?”

“ಅಯ್ಯೋ, ಅದು ಬರೀ ರೆಕಾರ್ಡಿಂಗ್ ಅಮ್ಮ.”

“ಆಗ್ಲಿ. ಇಷ್ಟೊಂದು ಹಾಕಿದ್ದಾರಲ್ಲ, ಇನ್ನೊಂದು ಬಲ್ಬ್ ಹಾಕೋಕೆ ಏನು ದಾಡಿ ಇವರಿಗೆ?”