ಪಾಠ ಮಾಡುವುದು ಬಿಟ್ಟು ಫೇಜ್ ಕಂಪನಿಗಳ ಬೆನ್ನು ಹತ್ತಿದ್ದೇಕೆ?

ವಿದ್ಯಾರ್ಥಿಗಳಿಂದ ಹಿಡಿದು ಹಳೆಯ ಸಹೋದ್ಯೋಗಿಗಳವರೆಗೆ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ನಾನು ಕಲಿಸುವುದು ಜೈವಿಕ ಸಂಸ್ಕರಣೆ: ಜೀವಕೋಶಗಳನ್ನು ಬೆಳೆಸಿ, ಅವುಗಳಿಂದ ಔಷಧವನ್ನು ಶುದ್ಧವಾಗಿ ಬೇರ್ಪಡಿಸುವ ವಿದ್ಯೆ. ಪಾಠವನ್ನು ನಾನು ಪೂರ್ತಿ ಬಿಟ್ಟಿಲ್ಲ. ಆದರೆ ನವೋದ್ಯಮಗಳ ಜೊತೆ ಕಳೆದ ವರ್ಷಗಳ ಬಗ್ಗೆ ಉತ್ತರ ಹೇಳಬೇಕೆಂದರೆ ಫೇಜ್‌ಗಳ ಕಥೆಯಿಂದಲೇ ಶುರುಮಾಡಬೇಕು.

ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗುಲಿಸುವ ವೈರಸ್‌ಗಳೇ ಬ್ಯಾಕ್ಟೀರಿಯಾಫೇಜ್‌ಗಳು, ಚಿಕ್ಕದಾಗಿ ಫೇಜ್‌ಗಳು. 1915ರಲ್ಲಿ ಫ್ರೆಡರಿಕ್ ಟ್ವೋರ್ಟ್, 1917ರಲ್ಲಿ ಫೆಲಿಕ್ಸ್ ದೆರೆಲ್ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಪೆನಿಸಿಲಿನ್ ಬರುವ ಮೊದಲೇ, 1923ರಲ್ಲಿ, ಜಾರ್ಜಿಯಾದ ತಿಬಿಲಿಸಿಯಲ್ಲಿ ಆರಂಭವಾದ ಎಲಿಯಾವಾ ಸಂಸ್ಥೆ ಇಂದಿಗೂ ಫೇಜ್ ಚಿಕಿತ್ಸೆಯನ್ನು, ಅಂದರೆ ರೋಗ ತರುವ ಬ್ಯಾಕ್ಟೀರಿಯಾಗಳನ್ನು ಫೇಜ್‌ಗಳಿಂದ ಕೊಲ್ಲಿಸುವ ವಿಧಾನವನ್ನು, ಮುಂದುವರಿಸಿಕೊಂಡು ಬಂದಿದೆ. ಆಂಟಿಬಯಾಟಿಕ್‌ಗಳು ಬಂದ ಮೇಲೆ ಉಳಿದ ಜಗತ್ತಿನ ಬಹುಭಾಗ ಇದನ್ನು ಮರೆಯಿತು. ಈಗ ಆ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು 2019ರ ಒಂದೇ ವರ್ಷದಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ನೇರ ಕಾರಣವಾದವು ಎಂಬ ಅಂದಾಜಿದೆ. ಹಾಗಾಗಿ ಎಲ್ಲರಿಗೂ ಫೇಜ್ ಮತ್ತೆ ನೆನಪಾಗಿದೆ.

ಹಾಗಾದರೆ ತೊಡಕು ಎಲ್ಲಿದೆ? ಫೇಜ್ ಹುಡುಕುವುದು ಕಷ್ಟವಲ್ಲ, ಚರಂಡಿ ನೀರಿನಲ್ಲೂ ಸಿಗುತ್ತದೆ. ಅದನ್ನು ರೋಗಿಯ ರಕ್ತನಾಳಕ್ಕೆ ಸೇರಿಸಲು ಯೋಗ್ಯವಾಗಿಸುವುದು ಕಷ್ಟ.

ಜೀವಕೋಶಗಳನ್ನು ಬೆಳೆಸುವ ಪಾತ್ರೆಯಾದ ಬಯೋರಿಯಾಕ್ಟರ್ ಮುಂದೆ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಇ. ಕೊಲೈ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದಂತೆ ದ್ರವ ಮಂಜುಮಂಜಾಗುತ್ತದೆ, ಪರದೆಯ ಮೇಲೆ ಕರಗಿದ ಆಮ್ಲಜನಕದ ಗೆರೆ ಇಳಿಯುತ್ತಾ ಹೋಗುತ್ತದೆ. ಫೇಜ್ ಸೇರಿಸಿ ಸ್ವಲ್ಪ ಹೊತ್ತು ಕಳೆದ ಮೇಲೆ ಆ ಗೆರೆ ಇದ್ದಕ್ಕಿದ್ದಂತೆ ಮೇಲಕ್ಕೇರುತ್ತದೆ, ಏಕೆಂದರೆ ಉಸಿರಾಡುವ ಕೋಶಗಳೇ ಒಡೆದುಹೋಗಿವೆ. ದ್ರವ ತಿಳಿಯಾಗುತ್ತದೆ, ನೊರೆ ಉಕ್ಕುತ್ತದೆ, ಒಡೆದ ಕೋಶಗಳಿಂದ ಹೊರಬಿದ್ದ ಡಿಎನ್‌ಎಯಿಂದ ಎಲ್ಲವೂ ಲೋಳೆಯಾಗುತ್ತದೆ. ಫೇಜ್‌ಗಳು ಬೇಕಾದಷ್ಟು ಹುಟ್ಟಿವೆ. ಅವುಗಳ ಜೊತೆಗೆ ಬ್ಯಾಕ್ಟೀರಿಯಾದ ಹೊರಪೊರೆಯ ಚೂರುಗಳಾದ ಎಂಡೋಟಾಕ್ಸಿನ್‌ಗಳೂ ತುಂಬಿಕೊಂಡಿವೆ. ಇವು ರಕ್ತಕ್ಕೆ ಸೇರಿದರೆ ಜ್ವರ ಬರುತ್ತದೆ, ಪ್ರಮಾಣ ಹೆಚ್ಚಾದರೆ ರಕ್ತದೊತ್ತಡ ಕುಸಿಯುತ್ತದೆ. ರಕ್ತನಾಳದ ಮೂಲಕ ಕೊಡುವ ಔಷಧಗಳಿಗೆ ಸಾಮಾನ್ಯವಾಗಿ ಇರುವ ಮಿತಿ, ದೇಹದ ಒಂದು ಕಿಲೋ ತೂಕಕ್ಕೆ ಗಂಟೆಗೆ 5 ಎಂಡೋಟಾಕ್ಸಿನ್ ಘಟಕಗಳು. ಆ ಲೋಳೆಯನ್ನು ಫೇಜ್‌ಗಳು ಸಾಯದ ಹಾಗೆ ಈ ಮಿತಿಯೊಳಗೆ ತರಬೇಕು. ಪ್ರಯೋಗಾಲಯದಲ್ಲಿ ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ವೇಗವಾಗಿ ತಿರುಗಿಸಿ ನಾಲ್ಕು ಹನಿ ಶುದ್ಧ ಫೇಜ್ ತೆಗೆಯಬಹುದು. ನೂರಾರು ರೋಗಿಗಳಿಗೆ ಬೇಕಾದಾಗ ಆ ದಾರಿ ನಡೆಯುವುದಿಲ್ಲ. ಹಂತಹಂತವಾಗಿ ಸೋಸಬೇಕು, ಮಿಶ್ರಣದ ಅಂಶಗಳನ್ನು ಒಂದೊಂದಾಗಿ ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ ಮಾಡಬೇಕು, ಪ್ರತಿ ಬ್ಯಾಚ್‌ನಲ್ಲೂ ಅದೇ ಫಲಿತಾಂಶ ತೋರಿಸಬೇಕು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಫಾಗೋಬರ್ನ್ ಪ್ರಯೋಗ ಸಾಕ್ಷಿ. ಸುಟ್ಟಗಾಯಗಳ ಸೋಂಕಿಗೆ 12 ಫೇಜ್‌ಗಳ ಮಿಶ್ರಣ ಸಿದ್ಧಪಡಿಸಿದ್ದರು. ಪ್ರತಿ ಮಿಲಿಲೀಟರಿಗೆ ಹತ್ತು ಲಕ್ಷ ಫೇಜ್‌ಗಳಿರಬೇಕಿತ್ತು. ತಯಾರಾದ ಮೇಲೆ ಮಿಶ್ರಣದ ಶಕ್ತಿ ಕುಂದಿ, ರೋಗಿಗಳಿಗೆ ತಲುಪಿದ್ದು ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಸಾಮಾನ್ಯ ಮುಲಾಮಿನ ಮುಂದೆ ಅದು ಹಿಂದೆ ಬಿದ್ದಿತು. ಫೇಜ್ ಚಿಕಿತ್ಸೆಯೇ ಸೋತಿತು ಎಂದು ಹಲವರು ತೀರ್ಮಾನಿಸಿದರು. ನನ್ನ ಪ್ರಕಾರ, ಬೇಕಾದಷ್ಟು ಫೇಜ್ ಗಾಯವನ್ನು ಮುಟ್ಟದೇ ಇದ್ದಾಗ ಆ ತೀರ್ಮಾನಕ್ಕೆ ಆಧಾರವೇ ಇಲ್ಲ.

ನವೋದ್ಯಮಗಳಿಗೆ ಹೋಗಲು ಕಾರಣ ಇದೇ. ವಿಶ್ವವಿದ್ಯಾಲಯದಲ್ಲಿ ಒಂದು ಒಳ್ಳೆಯ ಪ್ರಯೋಗ ಸಿಕ್ಕರೆ ಪ್ರಬಂಧವಾಗುತ್ತದೆ. ಆರು ತಿಂಗಳು ಶೀತಲಪೆಟ್ಟಿಗೆಯಲ್ಲಿಟ್ಟ ಸೀಸೆಯಲ್ಲಿ ಎಷ್ಟು ಫೇಜ್ ಉಳಿದಿದೆ ಎಂಬ ಬೇಸರದ ಪ್ರಶ್ನೆಯನ್ನು ಅಲ್ಲಿ ಯಾರೂ ಪಟ್ಟುಹಿಡಿದು ಕೇಳುವುದಿಲ್ಲ. ಕಂಪನಿಯಲ್ಲಿ ಆ ಉತ್ತರವಿಲ್ಲದೆ ಬ್ಯಾಚ್ ಹೊರಗೆ ಹೋಗುವುದಿಲ್ಲ.

ಫೇಜ್‌ಗಳ ವಂಶವಾಹಿಗಳನ್ನು ತಿದ್ದುವ ಕೆಲಸಕ್ಕೂ ನಾನು ಇದೇ ದಾರಿಯಿಂದ ಬಂದೆ. ಬ್ರಿಟನ್ನಿನಲ್ಲಿ ಶ್ವಾಸಕೋಶ ಕಸಿಯಾದ 15 ವರ್ಷದ ಹುಡುಗಿಯೊಬ್ಬಳ ಬ್ಯಾಕ್ಟೀರಿಯಾ ಸೋಂಕಿಗೆ ಅಮೆರಿಕದ ಪಿಟ್ಸ್‌ಬರ್ಗ್‌ನ ವಿಜ್ಞಾನಿ ಗ್ರಹಾಂ ಹ್ಯಾಟ್‌ಫುಲ್ ತಂಡ ಮೂರು ಫೇಜ್‌ಗಳನ್ನು ಕೊಟ್ಟ ವರದಿ 2019ರಲ್ಲಿ ಬಂದಿತು. ಎರಡರಲ್ಲಿ, ಫೇಜ್ ಅನ್ನು ಬ್ಯಾಕ್ಟೀರಿಯಾದೊಳಗೆ ನಿದ್ದೆಗೆ ತಳ್ಳುವ ವಂಶವಾಹಿಯನ್ನು ತೆಗೆದುಹಾಕಿದ್ದರು. ಎಲ್ಲರೂ ಮೆಚ್ಚಿದ್ದು ಅದನ್ನು. ನನಗೆ ಅಷ್ಟೇ ಹಿಡಿಸಿದ್ದು ಇನ್ನೊಂದು ಸಂಗತಿ: ಆ ಫೇಜ್‌ಗಳನ್ನು ಅಪಾಯಕಾರಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಲಿಲ್ಲ, ಅದರ ನಿರಪಾಯಕಾರಿ ಸಂಬಂಧಿಯೊಂದರಲ್ಲಿ ಬೆಳೆಸಿದರು. ಫೇಜ್ ವಿನ್ಯಾಸ ಮಾಡುವವರು ಅದನ್ನು ಯಾವ ಕೋಶದಲ್ಲಿ ಬೆಳೆಸಬೇಕು ಎಂದು ಮೊದಲ ದಿನವೇ ಯೋಚಿಸಬೇಕು.

ಹಣದ ಮಾತೂ ಬರುತ್ತದೆ. ಈ ಕ್ಷೇತ್ರ ಕ್ರೂರವಾದದ್ದು. ಅಕಾವೋಜೆನ್ ಎಂಬ ಅಮೆರಿಕದ ಕಂಪನಿ 2018ರಲ್ಲಿ ಹೊಸ ಆಂಟಿಬಯಾಟಿಕ್‌ಗೆ ಅನುಮತಿ ಪಡೆದು, 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ಫೇಜ್ ಕಂಪನಿಗಳಿಗೆ ಇನ್ನೊಂದು ಹೊರೆ ಇದೆ: ಒಬ್ಬ ರೋಗಿಗೆ ಹೊಂದುವ ಫೇಜ್ ಪಕ್ಕದ ಹಾಸಿಗೆಯವರಿಗೆ ಹೊಂದದೇ ಇರಬಹುದು. ಬೆಲ್ಜಿಯಂ ಇದಕ್ಕೆ 2018ರಲ್ಲಿ ಒಂದು ದಾರಿ ಮಾಡಿತು. ಅಲ್ಲಿ ಗುಣಮಟ್ಟ ಪರೀಕ್ಷೆಯಾದ ಫೇಜ್‌ಗಳಿಂದ ವೈದ್ಯರ ಚೀಟಿಯಂತೆ ಔಷಧ ತಯಾರಕರು ಆಯಾ ರೋಗಿಗೆ ಬೇಕಾದ್ದನ್ನು ಬೆರೆಸಿಕೊಡಬಹುದು. ಇದು ನಡೆಯಬೇಕಾದರೆ ಪ್ರತಿ ಹೊಸ ಫೇಜ್‌ಗೂ ಹೊಸದಾಗಿ ಶುರುಮಾಡದೆ, ಹತ್ತಾರು ಫೇಜ್‌ಗಳಿಗೆ ಒಂದೇ ಶುದ್ಧೀಕರಣ ವಿಧಾನ ಸಣ್ಣ ಬದಲಾವಣೆಗಳೊಂದಿಗೆ ಒಗ್ಗಬೇಕು. ನಾನೀಗ ದುಡಿಯುತ್ತಿರುವುದು ಅದರ ಮೇಲೆಯೇ. ಈ ಕ್ಷೇತ್ರಕ್ಕೆ ಬರಬೇಕೆನ್ನುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದೇ: ವಂಶವಾಹಿ ತಿದ್ದುವುದನ್ನು ಕಲಿಯಿರಿ, ಅದರ ಜೊತೆಗೆ ಒಂದು ಬ್ಯಾಚ್ ಅನ್ನು ಬೆಳೆಸುವುದರಿಂದ ಸೀಸೆಗೆ ತುಂಬುವವರೆಗೂ ಜೊತೆಯಲ್ಲಿದ್ದು ನೋಡಿ.