ಪಾಸ್‌ಪೋರ್ಟ್ ಎಲ್ಲಿ?

"ಪಾಸ್‌ಪೋರ್ಟ್ ಕೊಡಿ ಮೇಡಂ, ಮೊದಲು ಅದನ್ನ ತೆಗೀವ."

ಈ ವಾರ ಶಿರಸಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೇಳಿದ ಮಾತಿದು. ಎದುರಿಗೆ ನಿಂತವಳು ಯಲ್ಲಾಪುರ ತಾಲೂಕಿನ ಸಿದ್ದಿ ಹುಡುಗಿ, ಆಫ್ರಿಕಾ ಮೂಲದ ಸಮುದಾಯದವಳು. ಪಕ್ಕದಲ್ಲಿ ಅವಳನ್ನು ಮದುವೆಯಾಗಲಿರುವ ಶಿರಸಿಯ ಹುಡುಗ. ಅವನ ಕೈಯಲ್ಲಿ ವಿಶೇಷ ವಿವಾಹ ಕಾಯ್ದೆಯ, ಅಂದರೆ ಜಾತಿ ಧರ್ಮ ನೋಡದ ಕಾನೂನು ಮದುವೆಯ, ನೋಟಿಸ್ ಫಾರ್ಮು.

"ಪಾಸ್‌ಪೋರ್ಟ್ ಎಂತಕ್ಕೆ ಅಣ್ಣ? ಆಧಾರ್ ಇದೆಯಲ್ಲ."

"ಓ, ಕನ್ನಡ ಬರ್ತದಾ! ಯಾವ ದೇಶ ನಿಮ್ಮದು?"

"ಯಲ್ಲಾಪುರ."

ಅಂಗಡಿಯವನಿಗೆ ನಾಚಿಕೆಯಾಗಿದ್ದು ನಿಜ. ಅವನು ಕೆಟ್ಟವನಲ್ಲ, ಕಾಪಿಗೆ ದುಡ್ಡೂ ತಗೊಳ್ಳಲಿಲ್ಲ. ಬೇಸರ ತರಿಸಿದ್ದು ಆ ಹುಡುಗ. "ಯಾವ ದೇಶ" ಎಂದು ಕೇಳಿದಾಗ ಅವನು ಮೊಬೈಲ್ ನೋಡುತ್ತ ನಿಂತಿದ್ದ. ಉತ್ತರ ಕೊಡಬೇಕಾದವನು ಅವನಾಗಿತ್ತು. ನಾಳೆ ಸಂಬಂಧಿಕರ ಮನೆಯಲ್ಲಿ, ಬಸ್ಸಿನಲ್ಲಿ, ಮಗುವಿನ ಶಾಲೆಯಲ್ಲಿ ಇದೇ ಪ್ರಶ್ನೆ ಬರುತ್ತದೆ. ಪ್ರತಿ ಸಲ ಅವಳೊಬ್ಬಳೇ "ಯಲ್ಲಾಪುರ" ಎನ್ನಬೇಕೇ?

ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶ ಸಿದ್ದಿಗಳದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಕಡೆ ತಲೆಮಾರುಗಳಿಂದ ಇದ್ದಾರೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಹೋದರು. ಸಿದ್ದಿಗಳ ರಕ್ತದಲ್ಲಿ ಆಫ್ರಿಕಾದ ಜೊತೆ ಇಲ್ಲಿಯವರದ್ದೂ ಬೆರೆತಿದೆ ಎಂದು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು 2011ರಲ್ಲೇ ತೋರಿಸಿದ್ದಾರೆ. ಅಂದರೆ ಬಣ್ಣ ಬೆರೆಯುವುದು ಈ ಮಣ್ಣಿಗೆ ಹೊಸದಲ್ಲ. ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ, ಒಂದೇ ಬಳಗದಲ್ಲಿ ಮೂರೂ ಸಿಗುವುದುಂಟು. ಹುಡುಗಿಯ ಅವ್ವ ಈ ಮದುವೆಗೆ ಒಂದೇ ಮಾತಿಗೆ ಒಪ್ಪಿದ್ದು ಅದಕ್ಕೇ ಇರಬೇಕು.

ಗೋಕರ್ಣದ ಕಡೆ ಯಾರಾದರೂ ಬಿಳಿ ಹುಡುಗಿಯನ್ನು ಮದುವೆಯಾಗಲಿ, ಊರವರು ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಪಾಸ್‌ಪೋರ್ಟ್, ವೀಸಾ, ಮದುವೆಗೆ ಅಡ್ಡಿಯಿಲ್ಲವೆಂದು ರಾಯಭಾರ ಕಚೇರಿಯ ಪತ್ರ ಎಲ್ಲವೂ ನಿಜವಾಗಿಯೇ ಬೇಕು. ಸಿದ್ದಿ ಹುಡುಗಿಗೆ ಇವ್ಯಾವುದೂ ಬೇಡ. ಆದರೂ ಪರದೇಶಿ ಎನಿಸಿಕೊಳ್ಳುವವಳು ಇವಳು, ಮನೆಮಗಳು ಎನಿಸಿಕೊಳ್ಳುವವಳು ಅವಳು.

ಕಾನೂನು ಈ ವಿಷಯದಲ್ಲಿ ನಮಗಿಂತ ನೇರ. ಅಮೆರಿಕದಲ್ಲಿ ಕರಿಯರು ಬಿಳಿಯರು ಮದುವೆಯಾಗಬಾರದೆಂಬ ರಾಜ್ಯಗಳ ನಿಷೇಧವನ್ನು ಅಲ್ಲಿಯ ಸುಪ್ರೀಂ ಕೋರ್ಟ್ ಕಿತ್ತುಹಾಕಿದ್ದು 1967ರಲ್ಲಿ. ನಮ್ಮ 1954ರ ವಿಶೇಷ ವಿವಾಹ ಕಾಯ್ದೆ ಬಣ್ಣದ ಸುದ್ದಿಗೇ ಹೋಗಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ಬೇರೆ ಗಂಡ ಹೆಂಡತಿ ಇರಬಾರದು, ಒಪ್ಪಿಗೆ ಕೊಡುವಷ್ಟು ಮನಸ್ಸು ಸ್ವಸ್ಥವಿರಬೇಕು, ನಿಷಿದ್ಧ ಸಂಬಂಧ ಇರಬಾರದು. ಇಷ್ಟೇ. ತಕರಾರು ಅರ್ಜಿಯೂ ಇವುಗಳ ಮೇಲೆ ಮಾತ್ರ ನಿಲ್ಲುತ್ತದೆ. "ನಮ್ಮವಳಲ್ಲ", "ನಮಗೆ ಒಪ್ಪಿಗೆ ಇಲ್ಲ" ಎಂದು ಬರೆದುಕೊಟ್ಟರೆ ಅದು ತಕರಾರೇ ಅಲ್ಲ. ದುರುದ್ದೇಶದ ತಕರಾರಿಗೆ ಮದುವೆ ಅಧಿಕಾರಿ 1,000 ರೂಪಾಯಿವರೆಗೆ ದಂಡ ಕಟ್ಟಿಸಬಹುದು.

ತೊಂದರೆ ಇರುವುದು ನೋಟಿಸಿನ 30 ದಿನಗಳಲ್ಲಿ. ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಮದುವೆ ಅಧಿಕಾರಿಯ ಕಚೇರಿ ವ್ಯಾಪ್ತಿಯಲ್ಲಿ 30 ದಿನ ವಾಸವಿರಬೇಕು. ಕೊಟ್ಟ ಮೇಲೆ ಅದರ ಪ್ರತಿ ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ 30 ದಿನ ತೂಗುತ್ತದೆ, ಹೆಸರು ವಿಳಾಸ ಸಮೇತ. ಇನ್ನೊಬ್ಬರ ಕಾಯಂ ವಾಸ ಬೇರೆ ವ್ಯಾಪ್ತಿಯಲ್ಲಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ಊರಿಗೆ ಗೊತ್ತಾಗುವುದು, ಮಾವಂದಿರು ಓಡಿಬರುವುದು ಆಗಲೇ. ಹಾಗಾಗಿ ಮನೆಯವರಿಗೆ ಗೋಡೆ ನೋಡಿ ತಿಳಿಯುವ ಮೊದಲು ಬಾಯಿಂದ ಹೇಳಿಬಿಡುವುದು ಲೇಸು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯದಿದ್ದರೆ ಎಲ್ಲ ಮೊದಲಿಂದ.

ಫಾರ್ಮು ವಾಪಸ್ ಬರುವುದು ಬಹಳ ಸಲ ಹೆಸರಿನ ದೆಸೆಯಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ "ಸಿದ್ದಿ" ಇರುತ್ತದೆ, ಆಧಾರಿನಲ್ಲಿ ಇರುವುದಿಲ್ಲ. ಜನ್ಮದಿನಾಂಕ ಒಂದೊಂದರಲ್ಲಿ ಒಂದೊಂದು. ಇದನ್ನು ನೋಟಿಸಿಗೆ ಮೊದಲೇ ಸರಿಮಾಡಿಸಬೇಕು. ಮದುವೆಯಾದ ಮೇಲೆ ಗಂಡನ ಅಡ್ಡಹೆಸರು ಹಾಕಿಕೊಳ್ಳದಿರುವುದೇ ಒಳ್ಳೆಯದು. ಜಾತಿ ಹುಟ್ಟಿನಿಂದ, ಮದುವೆಯಿಂದ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹೆಸರು ಬದಲಾದರೆ ಜಾತಿ ಪ್ರಮಾಣಪತ್ರಕ್ಕೂ ಉಳಿದ ಕಾಗದಕ್ಕೂ ತಾಳೆಯಾಗದೆ ಅಲೆದಾಟ ಶುರು.

ಆ ಹುಡುಗಿಯ ಆಧಾರಿನಲ್ಲಿ ಹೆಸರು ಸರಿಯಿತ್ತು, "ಸಿದ್ದಿ" ಎಂಬುದೂ ಇತ್ತು. ಪಾಸ್‌ಪೋರ್ಟ್ ಕೇಳಿದವನು ಆ ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿಯೇ ಗಾಜಿನ ಮೇಲೆ ಇಟ್ಟಿದ್ದು.

ಮದುವೆ ದಿನ ಸಹಿ ಹಾಕಲು ಮೂವರು ಸಾಕ್ಷಿಗಳು ಬೇಕು. ಅವಳ ಕಡೆಯಿಂದ ಅವ್ವ, ಸೋದರಮಾವ ಬರುತ್ತಾರಂತೆ. ಮೂರನೆಯವರು ಯಾರೆಂದು ಅವಳು ಕೇಳಿದಳು.

"ನಮ್ಮ ಆಯಿ ಹತ್ರ ಕೇಳಿ ನೋಡ್ತೇನೆ," ಎಂದ ಹುಡುಗ. ಅಷ್ಟೊತ್ತಿಗೆ ಮೊಬೈಲ್ ಜೇಬಿನಲ್ಲಿತ್ತು.